ಜಂತು ಔಷಧಿ ಕುಡಿಸಿದ ಮೇಲೂ ಕುರಿ ಸಾಯುತ್ತಿವೆಯೇ? ಇದನ್ನು ಓದಿ

ಮಳೆಗಾಲದಲ್ಲಿ ಕುರಿ ದೊಡ್ಡಿಗಳಲ್ಲಿ ಪದೇ ಪದೇ ಆಗುವ ನಷ್ಟ ಇದು. ಮಂದೆಗೆಲ್ಲ ಔಷಧಿ ಕುಡಿಸಿ ಎರಡು ವಾರ ಕಳೆದಿರುವುದಿಲ್ಲ, ಗದ್ದದಡಿ ನೀರು ತುಂಬಿ ಮರಿಗಳು ಉರುಳತೊಡಗುತ್ತವೆ. ಭೇದಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಹಾಗಾಗಿ ಜಂತುವಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ದುಡ್ಡೆಲ್ಲ ಆಂಟಿಬಯಾಟಿಕ್‌ಗೆ ಹೋಗುತ್ತದೆ. ಸತ್ತದ್ದರ ನಾಲ್ಕನೇ ಹೊಟ್ಟೆ ಸೀಳಿದರೆ ಕೆಂಪು-ಬಿಳಿ ಹುರಿ ಹೊಸೆದಂತಹ 2-3 ಸೆಂ.ಮೀ. ಹುಳುಗಳು. ಅದೇ ಹೀಮಾಂಕಸ್. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ, 2000 ಹುಳುಗಳಿದ್ದರೆ 100 ಮಿ.ಲೀ. 30 ಕೆ.ಜಿ. ಕುರಿಯ ಮೈಯಲ್ಲಿರುವುದೇ ಎರಡು ಲೀಟರ್ ಆಸುಪಾಸು.

ಔಷಧಿ ಕೆಲಸ ಮಾಡದಿರಲು ಮೊದಲ ಕಾರಣ ಕಣ್ಣಂದಾಜಿನ ತೂಕ. ಅಲ್ಬೆಂಡಜೋಲ್ ಕುರಿಗೆ ಕೆ.ಜಿ.ಗೆ 7.5 ಮಿ.ಗ್ರಾಂ. ಶೇ. 2.5ರ ದ್ರಾವಣವಾದರೆ 30 ಕೆ.ಜಿ. ಟಗರಿಗೆ 9 ಮಿ.ಲೀ. ಬೇಕು. ಸರಾಸರಿ 20 ಕೆ.ಜಿ. ಎಂದು ಎಲ್ಲಕ್ಕೂ 6 ಮಿ.ಲೀ. ಹಾಕಿದರೆ ಗಟ್ಟಿ ಹುಳುಗಳು ಉಳಿದು ಅವೇ ಸಂತಾನ ಬೆಳೆಸುತ್ತವೆ. ಹೆಣ್ಣು ಹುಳು ದಿನಕ್ಕೆ 5000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೇಕೆಗಂತೂ ಕುರಿಯ ಡೋಸ್ ಸಾಲುವುದೇ ಇಲ್ಲ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡವೇ ಬೇಡ.

ಎರಡನೆಯದು, ಔಷಧಿ ಬದಲಾಯಿಸಿದ್ದೇವೆ ಎಂಬ ಭ್ರಮೆ. ಫೆನ್‌ಬೆಂಡಜೋಲ್, ಅಲ್ಬೆಂಡಜೋಲ್ ಎರಡೂ ಒಂದೇ ಗುಂಪು. ಬದಲಾದದ್ದು ಬಾಟಲಿ ಮಾತ್ರ. ಲೆವಾಮಿಸೋಲ್, ಕ್ಲೋಸಾಂಟೆಲ್ ಬೇರೆ ಗುಂಪಿನವು. ಆದರೆ ಲೆವಾಮಿಸೋಲ್ ಡೋಸ್ ಮೀರಿದರೆ ಜೊಲ್ಲು, ನಡುಕ, ಸಾವು. ವೈದ್ಯರನ್ನು ಕೇಳದೆ ಕೊಡಬೇಡಿ.

ಔಷಧಿ ನಾಟಿದೆಯೇ ಎಂದು ತಿಳಿಯಲು ಹಿಕ್ಕೆ ಪರೀಕ್ಷೆಯೊಂದೇ ದಾರಿ. ಕುಡಿಸುವ ದಿನ 10-15 ಕುರಿಗಳ ತಾಜಾ ಹಿಕ್ಕೆ, 10-14 ದಿನ ಬಿಟ್ಟು ಅವುಗಳದ್ದೇ ಇನ್ನೊಮ್ಮೆ. ಗ್ರಾಂಗೆ 2000 ಮೊಟ್ಟೆ ಇದ್ದದ್ದು 300ಕ್ಕೆ ಇಳಿದರೆ ಖುಷಿಪಡಬೇಡಿ, ಅದು ಶೇ. 85 ಮಾತ್ರ. ಶೇ. 95ಕ್ಕಿಂತ ಕಡಿಮೆ ಇಳಿದರೆ ಆ ಗುಂಪನ್ನು ನಂಬುವಂತಿಲ್ಲ.

ಕುಡಿಸುವಾಗ ತಲೆ ಮೇಲೆತ್ತಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಬಿಡಿ. ಮಂದೆಗೆಲ್ಲ ಕುಡಿಸುವ ಬದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಿಚಿದವಕ್ಕೆ ಮಾತ್ರ ಕೊಡುವುದು ಲೇಸು. ಔಷಧಿ ಸೋಕದ ಹುಳು ಸ್ವಲ್ಪ ಉಳಿದರೆ ಗಟ್ಟಿ ತಳಿಯೊಂದೇ ಮೇವಿನ ನೆಲ ತುಂಬುವುದಿಲ್ಲ.

ಗದ್ದ ಊದಿದ ಕುರಿಗಳನ್ನು ದೂರ ಹೊಡೆದುಕೊಂಡು ಹೋಗಬೇಡಿ, ದಾರಿಯಲ್ಲೇ ಕುಸಿಯುತ್ತವೆ. ಔಷಧಿಯನ್ನೇ ದೊಡ್ಡಿಗೆ ಒಯ್ದು, ಮೇವು-ಹಿಂಡಿ ಅಲ್ಲೇ ಕೊಡಿ.