ಮೂರು ಹಳೇ ಲೆನ್ಸ್, ಒಂದು ಸೋನಿ: ನನ್ನ ಓಟು ನಿಕ್ಕೋರ್‌ಗೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಸೋನಿ ಎ7 ಮಾರ್ಕ್ 2 ಕ್ಯಾಮೆರಾ ಮೇಲೆ ಈಗ ಸದಾ ಕೂತಿರುವುದು ನಿಕಾನ್ ಕಂಪನಿಯ ಹಳೇ ಲೆನ್ಸ್, ನಿಕ್ಕೋರ್ 50 ಎಂಎಂ ಎಫ್1.8. ಹೀಲಿಯೋಸ್ 44-2 ಮತ್ತು ಸೂಪರ್ ಟಕುಮಾರ್ 50 ಎಂಎಂ ಎಫ್1.4 ಎರಡನ್ನೂ ಬಳಸಿ ನೋಡಿಯೇ ಈ ಮಾತು. ಟಕುಮಾರ್ ಮಾಟುಂಗದ ಗೆಳೆಯರೊಬ್ಬರದು. ಉಳಿದೆರಡು ಬೋರಾ ಬಜಾರಿನ ಸೆಕೆಂಡ್ ಹ್ಯಾಂಡ್ ಮಾಲು. ನಾನು ತೆಗೆಯುವುದು ಎರಡೇ ಬಗೆ: ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಯಕ್ಷಗಾನ, ಉಳಿದ ದಿನ ಬೀದಿ ಮತ್ತು ಕಡಲು.

ಹೀಲಿಯೋಸ್ ಅಂದರೆ ಎಲ್ಲರಿಗೂ ಮೋಹ. ಜರ್ಮನಿಯ ಝೈಸ್ ಬಯೋಟಾರ್ ನೋಡಿಕೊಂಡು ಸೋವಿಯತ್ ಒಕ್ಕೂಟದಲ್ಲಿ ಮಾಡಿದ ಲೆನ್ಸ್ ಇದು. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು ಎಫ್2ರಲ್ಲಿಟ್ಟರೆ ಹಿಂದಿನ ಎಲೆಗಳೆಲ್ಲ ಸುಳಿ ಸುತ್ತಿದಂತೆ ಕಾಣುತ್ತವೆ. ಫೈವ್ ಗಾರ್ಡನ್ಸ್‌ನ ಮರಗಳ ಮುಂದೆ ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಯಕ್ಷಗಾನದ ರಂಗದ ಹಿಂದೆ ಇರುವುದು ಒಂದೇ ಬಣ್ಣದ ಪರದೆ. ಸುಳಿ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಮೇಲಿನ ದೀಪ ನೇರ ಬಿದ್ದರೆ ಇಡೀ ಚಿತ್ರ ಮಬ್ಬು.

ನಿಜವಾಗಿ ತಲೆ ಕೆಡಿಸಿದ್ದು ಅದರ ಅಡಾಪ್ಟರ್, ಅಂದರೆ ಹಳೇ ಲೆನ್ಸನ್ನು ಸೋನಿಗೆ ಜೋಡಿಸುವ ಬಳೆ. ಬಾಂದ್ರಾ ಕೋಟೆಯಿಂದ ಸೀ ಲಿಂಕ್ ಸೇತುವೆ ತೆಗೆಯಲು ಹೋದರೆ, ಫೋಕಸ್ ರಿಂಗ್ ಕೊನೆ ಮುಟ್ಟಿದರೂ ಸೇತುವೆಯ ಕೇಬಲ್‌ಗಳು ಮಂದ. ಕಿಂಡಿ ಕಿರಿದು ಮಾಡಿ ಎಫ್8ಕ್ಕೆ ತಂದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಹಾಗಾಗಿ ದೋಷ ಎಲ್ಲಿದೆ ಅಂತ ಬೇಗ ಗೊತ್ತಾಗಲೂ ಇಲ್ಲ.

ಲೆಕ್ಕ ಇಷ್ಟೇ. ಹೀಲಿಯೋಸ್‌ನಂಥ ಎಂ42 (ತಿರುಪಿನಂತೆ ತಿರುಗಿಸಿ ಕೂರಿಸುವ) ಲೆನ್ಸ್ ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ಸೋನಿ ಮೌಂಟ್ (ಲೆನ್ಸ್ ಕೂರುವ ಬಾಯಿ) ಇರುವುದು 18 ಮಿ.ಮೀ. ದೂರದಲ್ಲಿ. ನಡುವಿನ 27.46 ಮಿ.ಮೀ. ತುಂಬುವುದಷ್ಟೇ ಅಡಾಪ್ಟರಿನ ಕೆಲಸ. ಒಳಗೆ ಗಾಜೂ ಇಲ್ಲ, ಏನೂ ಇಲ್ಲ. ಅಗ್ಗದವನ್ನು ಸಾಮಾನ್ಯವಾಗಿ ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ. ಆಗ ಫೋಕಸ್ ಇನ್ಫಿನಿಟಿ (ಅತಿ ದೂರದ ಗುರುತು) ದಾಟಿ ಹೋಗುತ್ತದೆ, ತೊಂದರೆಯಿಲ್ಲ. ನನಗೆ ಸಿಕ್ಕಿದ್ದು ಉದ್ದ ಜಾಸ್ತಿ ಇರುವಂಥದ್ದು. ದೂರದ್ದು ಯಾವುದೂ ಸ್ಪಷ್ಟವಾಗಿ ಬರುವುದಿಲ್ಲ. ಅಂಗಡಿಯವರು ಮಾರಿದ ಮಾಲು ವಾಪಸ್ ಇಲ್ಲ ಅಂದರು. ಲೆನ್ಸಿನ ಸಣ್ಣ ಸ್ಕ್ರೂ ಸಡಿಲಿಸಿ ಸರಿಮಾಡಬಹುದು ಅನ್ನುವವರೂ ಇದ್ದಾರೆ. ಅಡಾಪ್ಟರಿನ ತಪ್ಪಿಗೆ ಲೆನ್ಸಿಗೆ ಯಾಕೆ ಶಿಕ್ಷೆ, ಅಲ್ವಾ? ಬೇರೆ ಅಡಾಪ್ಟರ್ ಕೊಂಡೆ. ಕೇಬಲ್‌ಗಳು ಸ್ಪಷ್ಟವಾದವು. ಆದರೆ ತಿರುಪು ಬಿಗಿಯಾಗಿ ನಿಂತ ಮೇಲೆ ಲೆನ್ಸಿನ ಅಂಕಿಗಳೆಲ್ಲ ಪಕ್ಕಕ್ಕೆ ಹೋದವು. ಅಪರ್ಚರ್ ಓದಲು ಕ್ಯಾಮೆರಾ ವಾಲಿಸಬೇಕು.

ಟಕುಮಾರ್ ಫೋಕಸ್ ರಿಂಗಿನ ನಯ ಉಳಿದೆರಡರಲ್ಲೂ ಇಲ್ಲ. ಆದರೆ ಈ ಮಾದರಿಯ ಹೆಚ್ಚಿನವುಗಳ ಹಿಂಬದಿ ಗಾಜಿನಲ್ಲಿ ಥೋರಿಯಂ ಅನ್ನುವ ವಿಕಿರಣಶೀಲ ಧಾತು ಇದೆ, ಆ ಗಾಜು ಕಾಲ ಕಳೆದಂತೆ ಹಳದಿಯಾಗುತ್ತದೆ. ಬಿಸಿಲಿಗೋ ಯುವಿ ದೀಪಕ್ಕೋ ಕೆಲವು ವಾರ ಇಟ್ಟರೆ ತಿಳಿಯಾಗುತ್ತದಂತೆ. ಜುಲೈ ತಿಂಗಳ ಮುಂಬಯಿಯಲ್ಲಿ ಬಿಸಿಲು ಎಲ್ಲಿಂದ ತರುವುದು?

ನಿಕ್ಕೋರ್‌ಗೆ ತಿರುಪಿನ ರಗಳೆ ಇಲ್ಲ. ತಿರುಗಿಸಿದರೆ ಟಕ್ ಅಂತ ಕೂರುತ್ತದೆ, ಅಂಕಿ ಮೇಲೇ ಇರುತ್ತದೆ. ಅಪರ್ಚರ್ ರಿಂಗ್ ಒಂದೊಂದು ಹಂತಕ್ಕೂ ಕ್ಲಿಕ್ ಅನ್ನುತ್ತದೆ, ಕತ್ತಲ ಸಭಾಂಗಣದಲ್ಲೂ ಬೆರಳಿಗೇ ಲೆಕ್ಕ ಸಿಗುತ್ತದೆ. ಹೀಲಿಯೋಸ್ ರಿಂಗ್ ಸುಮ್ನೆ ಜಾರುತ್ತದೆ, ಕೈ ತಾಗಿದರೆ ಬದಲಾಯಿತು. ನಿಕ್ಕೋರ್‌ನ ಹಿನ್ನೆಲೆ ಮಸುಕು ಸಪ್ಪೆ, ನಿಜ. ನನಗೆ ಬೇಕಾಗಿರುವುದು ವೇಷದ ಕಣ್ಣು.

ಅಂದಹಾಗೆ, ಫೋಕಸ್ ಆದ ಜಾಗಕ್ಕೆ ಬಣ್ಣದ ಗೆರೆ ಬಳಿದು ತೋರಿಸುವ ಕ್ಯಾಮೆರಾದ ಫೋಕಸ್ ಪೀಕಿಂಗ್ ನಂಬಬೇಡಿ. ಕಿರೀಟ, ಭುಜಕೀರ್ತಿಯ ಹೊಳಪಿಗೆಲ್ಲ ಕೆಂಪು ಗೆರೆ ಬಳಿದುಬಿಡುತ್ತದೆ, ಕಣ್ಣು ಮಸುಕಾಗಿಯೇ ಉಳಿಯುತ್ತದೆ. ಹಿಗ್ಗಿಸಿ ನೋಡಿಯೇ ಫೋಕಸ್ ಮಾಡಿ. ಕೈ ನಡುಕ ತಗ್ಗಿಸುವ ಸ್ಟೆಡಿಶಾಟ್‌ನಲ್ಲಿ ನಿಕ್ಕೋರ್‌ನ ಫೋಕಲ್ ಲೆಂಗ್ತ್ 50 ಅಂತ ಕೈಯಾರೆ ತುಂಬಬೇಕು.

ಮರಗಿಡದ ಮುಂದೆ ಪೋರ್ಟ್ರೇಟ್ ತೆಗೆಯುವವರು ಹೀಲಿಯೋಸ್ ಕೊಳ್ಳಿ, ಒಳ್ಳೆಯ ಅಡಾಪ್ಟರಿಗೂ ದುಡ್ಡು ಎತ್ತಿಡಿ. ಗಾಜು ತಿಳಿಯಾಗಿರುವ ಟಕುಮಾರ್ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. ಅಡಾಪ್ಟರ್ ಸೇರಿ ಎಂಟು ಸಾವಿರದೊಳಗೆ ಮುಗಿಸಬೇಕು, ಕತ್ತಲಲ್ಲಿ ಕೆಲಸ ಮಾಡಬೇಕು ಅನ್ನುವ ನನ್ನಂಥವರಿಗೆ ನಿಕ್ಕೋರ್. ಯಾವುದೇ ಇರಲಿ, ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಾಯಿಸಿ ಒಳಗೆ ಬೂಷ್ಟು ಇದೆಯಾ ನೋಡಿ. ಮನೆಯಲ್ಲಿ ಲೆನ್ಸ್ ಇಡಲು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಬೇಕೇ ಬೇಕು.