ಅಕ್ಷರವಿಲ್ಲದ ಪುಸ್ತಕ ಅಜ್ಜಿಗೆ ಸಿಕ್ಕಾಗ

ಆರು ವರ್ಷದ ಮಗಳಿಗೆ ಪ್ರಪಂಚ ತೋರಿಸಬೇಕೆಂಬ ಆಸೆ; ವಿಮಾನದ ಟಿಕೆಟ್ಟಿನ ಬೆಲೆ ನೋಡಿದ ಮೇಲೆ ಪುಸ್ತಕಗಳೇ ಗತಿ ಎಂದುಕೊಂಡೆ. ಈ ಬೇಸಿಗೆ ರಜೆಯಲ್ಲಿ ಬಸವನಗುಡಿಯ ನಮ್ಮ ಮನೆಯಲ್ಲಿ ನಾಲ್ಕನ್ನು ಒಂದರ ಪಕ್ಕ ಒಂದಿಟ್ಟು ಓದಿದೆವು. ಓದಿದವರು ಮೂವರು: ಮಗಳು, ನಾನು ಮತ್ತು ಇಂಗ್ಲಿಷ್ ಬಾರದ ನಮ್ಮ ಅತ್ತೆ. ಪುಸ್ತಕ ಆರಿಸುವಾಗ ಅತ್ತೆಯವರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪೋಲೆಂಡಿನ ಮಿಜಿಯೆಲಿನ್‌ಸ್ಕಿ ದಂಪತಿಯ ‘ಮ್ಯಾಪ್ಸ್’ (ಮೊದಲ ಮುದ್ರಣ 2012) ತೊಡೆಯ ಮೇಲೆ ನಿಲ್ಲದಷ್ಟು ದೊಡ್ಡದು. ನೆಲದ ಮೇಲೆ ಹರಡಿ, ಬೋರಲು ಮಲಗಿ ಓದಬೇಕು. ಪ್ರತಿ ದೇಶದ ನಕ್ಷೆಯ ತುಂಬ ಪ್ರಾಣಿ, ತಿಂಡಿ, ಕಟ್ಟಡಗಳ ಪುಟಾಣಿ ಚಿತ್ರಗಳು. ಮಗಳ ಬೆರಳು ಗಂಟೆಗಟ್ಟಲೆ ಓಡಿತು. ಭಾರತದ ಪುಟಕ್ಕೆ ಬಂದಾಗ ಮಾತ್ರ ‘ನಮ್ಮ ದೊಡ್ಡ ಬಸವಣ್ಣ ಎಲ್ಲಿ?’ ಎಂದು ತಗಾದೆ ತೆಗೆದಳು. ಜಪಾನಿನ ಮಗುವೂ ತನ್ನ ಪುಟ ನೋಡಿ ಹೀಗೇ ಕೇಳುತ್ತಿರಬಹುದು.

ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದು ‘ದಿಸ್ ಈಸ್ ಪ್ಯಾರಿಸ್’. ಪ್ರಾಗ್‌ನಲ್ಲಿ ಹುಟ್ಟಿದ ಮಿರೋಸ್ಲಾವ್ ಶಾಶೆಕ್ ಅವರ ಈ ಪುಸ್ತಕ ಮೊದಲು ಬಂದದ್ದು 1959ರಲ್ಲಿ. ಒಂದೇ ಊರನ್ನು ಹಿಡಿದು ಅಲೆಯುತ್ತದೆ, ಅದೇ ಅದರ ಸೊಗಸು. ನನಗೆ ಬಹಳ ಹಿಡಿಸಿತು. ಮಗಳಿಗೆ ಅಷ್ಟಕ್ಕಷ್ಟೆ. ನಾನು ಒಂದು ಸಾಲನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವಳು ಪುಟ ಮಗುಚಿ ಆಗಿರುತ್ತಿತ್ತು.

ಕನ್ನಡವೇ ಬೇಕೆನ್ನುವವರಿಗೆ ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣವಿದೆ. ಖರ್ಚಿಲ್ಲ, ಆಫ್ರಿಕಾದ ಕಥೆಗಳೂ ಸಿಗುತ್ತವೆ. ಆದರೆ ಮೊಬೈಲ್ ಕೈಗೆ ಬಂದರೆ ಮಗಳ ಮನಸ್ಸು ಕಥೆಯಲ್ಲಿ ನಿಲ್ಲದು. ಜೆರಾಕ್ಸ್ ಅಂಗಡಿಯಲ್ಲಿ ಎರಡು ಕಥೆಗಳನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ, ದಾರದಲ್ಲಿ ಹೊಲಿದುಕೊಟ್ಟೆ. ಬಣ್ಣ ತುಂಬುವ ಕೆಲಸ ಅವಳದಾಯಿತು.

ಇನ್ನು ಜಪಾನಿನ ಮಿತ್ಸುಮಾಸ ಅನ್ನೊ ಅವರ ‘ಅನ್ನೋಸ್ ಜರ್ನಿ’. 1977ರಲ್ಲಿ ಜಪಾನಿನಲ್ಲಿ ಪ್ರಕಟವಾದದ್ದು. ಕಥೆ ಹೇಳಲು ಒಂದಕ್ಷರವೂ ಇಲ್ಲ. ದೋಣಿಯಲ್ಲಿ ಬಂದಿಳಿದ ಒಬ್ಬ ಮನುಷ್ಯ ಕುದುರೆಯೇರಿ ಯೂರೋಪಿನ ಹಳ್ಳಿ, ಪಟ್ಟಣಗಳನ್ನು ದಾಟಿಹೋಗುತ್ತಾನೆ, ಅಷ್ಟೆ. ಇಷ್ಟು ದುಡ್ಡು ಕೊಟ್ಟು ಓದಲು ಏನೂ ಇಲ್ಲದ ಪುಸ್ತಕ ತಂದೆನಲ್ಲ ಎಂದು ಮೊದಲ ದಿನ ಪೇಚಾಡಿದ್ದೆ.

ಎರಡನೆಯ ದಿನ ಅಡುಗೆಮನೆಯಿಂದ ಬಂದು ನೋಡಿದರೆ ಅಜ್ಜಿ, ಮೊಮ್ಮಗಳು ಇಬ್ಬರೂ ಅದರ ಮೇಲೆ ಬಗ್ಗಿದ್ದರು. ಅತ್ತೆ ಕುದುರೆ ಸವಾರನಿಗೆ ರಂಗಪ್ಪ ಎಂದು ಹೆಸರಿಟ್ಟಾಗಿತ್ತು. ‘ರಂಗಪ್ಪ ಎಲ್ಲಿ ಹೇಳು ನೋಡೋಣ’ ಎಂದರೆ ಮಗಳು ಕಣ್ಣು ಕಿರಿದು ಮಾಡಿ ಹುಡುಕುವಳು. ಹುಡುಕುವ ನೆಪದಲ್ಲಿ ಒಂದೊಂದು ಮನೆ, ಒಂದೊಂದು ಬೀದಿಯೂ ಅವಳ ಕಣ್ಣಿಗೆ ಬೀಳುತ್ತಿತ್ತು. ‘ಮ್ಯಾಪ್ಸ್’ನಲ್ಲಿ ದೇಶಗಳ ಹೆಸರು ಬಾಯಿಗೆ ಬಂದವು, ಅಲ್ಲಿ ಜನ ಬದುಕುತ್ತಾರೆ ಎಂಬುದು ಇದರಲ್ಲಿ ತಿಳಿಯಿತು.

ಒಂದು ಪುಟದ ಹೊಲದಲ್ಲಿ ಹೆಂಗಸರು ಬಗ್ಗಿ ಏನನ್ನೋ ಆಯುತ್ತಿದ್ದಾರೆ. ‘ಇವರು ಏನು ಹುಡುಕುತ್ತಿದ್ದಾರೆ?’ ಎಂದಳು ಮಗಳು. ‘ಹಕ್ಕಲು ಆಯುತ್ತಿದ್ದಾರೆ ಪುಟ್ಟಿ. ಕೊಯ್ಲಾದ ಮೇಲೆ ಉದುರಿದ ತೆನೆ ಬಡವರ ಪಾಲು. ನಾನೂ ಆಯ್ದಿದ್ದೇನೆ’ ಎಂದರು ಅತ್ತೆ. ಮದುವೆಯಾಗಿ ಎಂಟು ವರ್ಷವಾದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಅದು ಫ್ರಾನ್ಸಿನ ಮಿಲೆ 1857ರಲ್ಲಿ ಬರೆದ ಪ್ರಸಿದ್ಧ ವರ್ಣಚಿತ್ರದ ನೆರಳು, ಅನ್ನೊ ಬೇಕೆಂದೇ ಅಲ್ಲಿ ಅಡಗಿಸಿಟ್ಟಿದ್ದಾರೆ ಎಂದು ನಾನು ವಿವರಿಸಹೊರಟೆ.

‘ಯಾರು ಬರೆದರೇನು, ಸೊಂಟ ಬಿದ್ದುಹೋಗುವ ಕೆಲಸ’ ಎಂದು ಅತ್ತೆ ಪುಟ ತಿರುಗಿಸಿದರು.