ಅಂಕಣಕಾರರು ಯಾವ ಪಂಥದವರು? ಕೋಲಾರದ ಟೊಮೆಟೊ ಮುಂದಿಟ್ಟು ನೋಡಿ

2023ರ ಜುಲೈನಲ್ಲಿ ಟೊಮೆಟೊ ದರ ಗಗನಕ್ಕೇರಿತು. ದೇಶದ ಚಿಲ್ಲರೆ ಹಣದುಬ್ಬರ ಶೇ 7.44 ಮುಟ್ಟಿತು. ಕೋಲಾರ ಎಪಿಎಂಸಿಯ ಬೆಲೆ ದಿನವೂ ಸುದ್ದಿಯಾಗಿತ್ತು. ನೀವು ನಂಬುವ ಆರ್ಥಿಕ ಅಂಕಣಕಾರರು ಆಗ ಏನು ಬರೆದರು, ಹುಡುಕಿ ಓದಿ. ಕೇನ್ಸ್, ಫ್ರೀಡ್‌ಮನ್, ಆಸ್ಟ್ರಿಯನ್ ಎಂಬ ಅರ್ಥಶಾಸ್ತ್ರದ ಮೂರು ಪಂಥಗಳಲ್ಲಿ ಅವರು ಯಾವುದರವರು ಎಂಬುದು ತಿಳಿಯುತ್ತದೆ.

ಇದು ಪೂರೈಕೆಯ ಕೊರತೆ, ಬಡ್ಡಿ ಏರಿಸಿದರೆ ಉದ್ಯೋಗಕ್ಕೆ ಪೆಟ್ಟು, ಬೇಡಿಕೆ ಕುಸಿದಾಗ ಸರ್ಕಾರವೇ ಖರ್ಚು ಮಾಡಬೇಕು ಎನ್ನುವವರು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ಕಡೆಯವರು. ಇವರನ್ನು ಗುರುತಿಸುವುದು ಸುಲಭ.

ಎಡವುವುದು ಉಳಿದಿಬ್ಬರಲ್ಲಿ, ಏಕೆಂದರೆ ಬೆಲೆ ಏರಿಕೆಗೆ ಇಬ್ಬರೂ ಹಣವನ್ನೇ ದೂರುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರೀಡ್‌ಮನ್ ಕಡೆಯವರಿಗೆ ಒಂದು ತರಕಾರಿ ತುಟ್ಟಿಯಾದರೆ ಅದು ಹಣದುಬ್ಬರವಲ್ಲ. ಅವರು ನೋಡುವುದು ಒಟ್ಟು ಹಣದ ಪೂರೈಕೆ, ಅಂದರೆ ಜನರ ಕೈಯಲ್ಲಿನ ನಗದು ಮತ್ತು ಬ್ಯಾಂಕ್ ಠೇವಣಿಗಳನ್ನು ಸೇರಿಸಿದ ಎಂ3 ಎಂಬ ಅಳತೆ. ಪರಿಹಾರವಾಗಿ ಕೇಂದ್ರ ಬ್ಯಾಂಕಿಗೆ ಬಿಗಿಯಾದ ನಿಯಮ ಕೇಳುತ್ತಾರೆ. ಆಸ್ಟ್ರಿಯಾ ಮೂಲದ ಅರ್ಥಶಾಸ್ತ್ರಜ್ಞರಾದ ಮೀಸಸ್, ಹಯೆಕ್‌ರ ಆಸ್ಟ್ರಿಯನ್ ಪಂಥದವರು ಒಟ್ಟು ಅಂಕಿಗಳನ್ನೇ ಅಷ್ಟಾಗಿ ನಂಬುವುದಿಲ್ಲ. ಅಗ್ಗದ ಸಾಲ ಯಾವ ತಪ್ಪು ಹೂಡಿಕೆಗೆ ಹರಿಯಿತು ಎಂಬುದೇ ಅವರ ಪ್ರಶ್ನೆ. ಹಲವರಿಗೆ ಕೇಂದ್ರ ಬ್ಯಾಂಕೇ ಬೇಡ. ಈ ಪಂಥದವರಿಗೆ ಚಿನ್ನದ ಮೇಲೆ ಒಲವು ಹೆಚ್ಚು, ಆದರೂ ಚಿನ್ನ ಕೊಳ್ಳಿ ಅಂದಮಾತ್ರಕ್ಕೆ ಯಾರೂ ಆಸ್ಟ್ರಿಯನ್ ಆಗುವುದಿಲ್ಲ, ಕಾರಣ ಏನು ಕೊಟ್ಟರು ನೋಡಿ.

ಎಫ್‌ಡಿ ಅವಧಿ ಆರಿಸಬೇಕಿದ್ದರೆ ಕೇನ್ಸ್, ಫ್ರೀಡ್‌ಮನ್ ಕಡೆಯವರನ್ನು ಓದುವುದೇ ಮೇಲು. ರಿಸರ್ವ್ ಬ್ಯಾಂಕಿನ ಗುರಿ ಶೇ 4ರ ಹಣದುಬ್ಬರ. ಮುಂದಿನ ಬಡ್ಡಿ ಎತ್ತ ಸಾಗಬಹುದೆಂಬ ಚರ್ಚೆ ಅವರಲ್ಲೇ ಹೆಚ್ಚು ಸಿಗುತ್ತದೆ.